ಮೂರು ಸಲ ಸೋರಿದ ಉದ್ದಿನ ಕಟ್ಟೆ

ಸಿಂಚನಾ, ಚಿರು,

ಹೋದ ಗುರುವಾರ ಯಾದವಗಿರಿಯಿಂದ ಬಂದವಳು ನಾನು ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ನೀವಿಬ್ಬರೂ ಬಂದು, "ಸತ್ತೋರು ನಮಗೆ ಏನಾಗ್ಬೇಕು ಅಜ್ಜಿ?" ಎಂದು ಕೇಳಿದಿರಿ. ಏನೂ ಆಗಬೇಕಿಲ್ಲ ಮಕ್ಕಳೇ. ಅವರು ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಮನೆಯ ಡಾಕ್ಟರಮ್ಮ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ. ನಿಮ್ಮ ಮುಂದೆಯೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಗೇಟಿನ ಬೋರ್ಡಿನಲ್ಲಿ ನೋಡಿದರೂ ಮುಜುಗರಪಡುತ್ತಿದ್ದ ಹೆಂಗಸು ಅವರು. ಅವರ ವಿಷಯ ಹೇಳಬೇಕಾದರೆ ಅವರ ಅಣ್ಣನ ಎಡಗಾಲಿನ ವಿಷಯವನ್ನೂ ಹೇಳಬೇಕು. ಒಂದು ಬೆಳಿಗ್ಗೆ ಆ ಕಾಲು ನನ್ನ ಕೈಯಲ್ಲಿತ್ತು. ನಾನು ಆವತ್ತು ಮಾಡಿದ್ದರಿಂದ ಆ ಕಾಲು ಉಳಿಯಿತೋ, ಕೆಟ್ಟಿತೋ, ಅದು ನನಗೆ ಇನ್ನೂ ತಿಳಿದಿಲ್ಲ.

ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿದ ಮೇಲೆ, ಪಕ್ಕದ ಬೀದಿಯ ಒಬ್ಬರು ನನ್ನನ್ನು ರಾಜೀವನಗರದಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅವರ ಮನೆಗೆ ಸೇರಿಸಿದರು. ಹಳೆಯ ಬಂಗಲೆ. ಮುಂದಿನ ಎರಡು ಕೋಣೆಗಳಲ್ಲಿ ಆಯುರ್ವೇದದ ಚಿಕಿತ್ಸೆ. ಡಾಕ್ಟರಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆಯುರ್ವೇದದ ಹುಡುಗರಿಗೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹಳೆಯ ಶಾಸ್ತ್ರದಲ್ಲೂ ಇಂಗ್ಲಿಷ್ ವೈದ್ಯದಲ್ಲೂ ಎರಡೂ ಕಡೆಯಿಂದ ಕಲಿಸಬೇಕಂತೆ. ಆ ಎರಡರ ಮಧ್ಯೆ ಅವರು ಇಡೀ ಜೀವನ ಕೈ ಹಿಸುಕಿಕೊಂಡು ನಿಂತಿದ್ದರು ಎಂದು ನನಗೆ ಅನ್ನಿಸುತ್ತದೆ.

ನನ್ನ ಕೆಲಸ ಮಂಡಿಗೆ ಕಟ್ಟೆ ಕಟ್ಟುವುದು. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹಗ್ಗದ ಹಾಗೆ ಹೊಸೆದು, ಮಲಗಿದವರ ಮಂಡಿಯ ಮೇಲೆ ಬಳೆಯಂತೆ ಇಟ್ಟು, ಒದ್ದೆ ಬೆರಳಿನಿಂದ ಅಂಚನ್ನು ಚರ್ಮಕ್ಕೆ ಅಂಟಿಸಬೇಕು. ಒಳಗೆ ಬೆಚ್ಚಗಿನ ತೈಲ ಹುಯ್ದು, ಆರಿದಂತೆ ಹತ್ತಿಯಲ್ಲಿ ಹೀರಿ ತೆಗೆದು, ಮತ್ತೆ ಬೆಚ್ಚಗಿನದು ಹುಯ್ಯಬೇಕು. ರೊಟ್ಟಿ ತಟ್ಟಿದ ಕೈ ನನ್ನದು. ಒಂದು ವಾರದಲ್ಲಿ ಕಲಿತೆ. ಆಮೇಲೆ ನನ್ನ ಕಟ್ಟೆ ಒಂದು ತೊಟ್ಟೂ ಸೋರಿದ್ದಿಲ್ಲ.

ಕಟ್ಟೆಗಿಂತ ಮೊದಲು ಅವರು ಕಲಿಸಿದ್ದು ಮುಟ್ಟುವುದನ್ನು. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಮೊದಲು ಚೆನ್ನಾಗಿರುವ ಮಂಡಿ, ಆಮೇಲೆ ನೋಯುವ ಮಂಡಿ. "ಎರಡೂ ಒಂದೇ ಬಿಸಿ ಇದ್ಯಾ ನೋಡು. ನೋಯೋದು ಜಾಸ್ತಿ ಬಿಸಿ ಇದ್ರೆ, ಕೆಂಪಗೆ ಊದಿದ್ರೆ, ಎಣ್ಣೆ ಬಟ್ಟಲು ಕೆಳಗಿಟ್ಟು ನನ್ನ ಕರಿ. ಎಷ್ಟು ದೊಡ್ಡ ಮನುಷ್ಯರಾದ್ರೂ ಸರಿ, ನಾನೇ ಬರೆದುಕೊಟ್ಟಿದ್ರೂ ಸರಿ. ಬಾಯಿಬಿಟ್ಟು ಹೇಳು." ಇದನ್ನು ಅವರು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಹೊಟ್ಟೆಯಲ್ಲಿ ಜೀರ್ಣವಾಗದ್ದು ಕೆಟ್ಟು ಕೀಲಿಗೆ ಬಂದು ಕೂರುತ್ತದೆ, ಅದಕ್ಕೆ ಆಮ ಅನ್ನುತ್ತಾರೆ, ಆಮ ಇರುವ ಕೀಲಿಗೆ ಎಣ್ಣೆ ಮುಟ್ಟಿಸಬಾರದು ಎಂದು ಹಳಬರೇ ಹೇಳಿದ್ದಾರಂತೆ. ಇಂಗ್ಲಿಷ್ ವೈದ್ಯರು ಅಂಥ ಬಿಸಿಗೆ ಬೇರೆ ಬೇರೆ ಕಾರಣ ಹೇಳುತ್ತಾರೆ, ಅದರಲ್ಲಿ ಒಂದು ಕೀವು. "ಹೆಸರು ಏನಾದ್ರೂ ಇರಲಿ ಕಣಮ್ಮ, ಬಿಸಿ ಕಂಡ್ರೆ ಹೆದರಬೇಕು. ಅಷ್ಟರಲ್ಲಿ ಇಬ್ಬರೂ ಒಂದೇ."

ಹೆದರುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ತೈಲದ ಬಿಸಿಯನ್ನು ತಮ್ಮ ಮಣಿಕಟ್ಟಿನ ಮೇಲೆ ಮೂರು ಸಲ ನೋಡುತ್ತಿದ್ದರು. ಕಾಲೇಜಿಗೆ ಹೊರಟು ಗೇಟು ದಾಟಿದವರು ಹಿಂದಕ್ಕೆ ಬಂದು ಒಲೆ ಆರಿದೆಯಾ ಎಂದು ನೋಡುತ್ತಿದ್ದರು. ನಾನು ಆರಿಸಿದ್ದೇನೆ ಎಂದರೂ ಒಳಗೆ ಬಂದು ಗುಂಡಿ ಮುಟ್ಟಿ ಹೋಗುವವರೇ. ಸಂಜೆಯಾದರೆ ಕುರ್ಚಿ ಎಳೆದುಕೊಂಡು, ಚಿಕಿತ್ಸೆಗೆ ಬಂದುಹೋದವರಿಗೆಲ್ಲ ಫೋನ್ ಮಾಡಲು ಕೂರುತ್ತಿದ್ದರು. "ಊತ ಜಾಸ್ತಿ ಆಗಿಲ್ಲ ತಾನೆ? ಚಳಿಜ್ವರ ಏನಾದ್ರೂ?" ಅಂಗಡಿಯ ಯಜಮಾನರೊಬ್ಬರು ಒಮ್ಮೆ ನನ್ನೆದುರೇ ಹೇಳಿದರು: "ನಿಮ್ಮ ಫೋನ್ ಬಂದ್ಮೇಲೇನೇ ನನಗೆ ಜ್ವರ ಬಂದಂಗಾಗೋದು ಡಾಕ್ಟ್ರೇ!" ಡಾಕ್ಟರಮ್ಮ ನಗಲಿಲ್ಲ. ಥರ್ಮಾಮೀಟರ್ ತಂದರು.

ಕೀಲೊಳಗೆ ಏನಿರುತ್ತದೆ ಎಂದು ಅವರು ನನಗೆ ತೋರಿಸಿದ್ದು ಅಡಿಗೆಮನೆಯಲ್ಲಿ. ನಾನು ಹುಳಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದೆ. ಅವರು ಒಂದು ಚೂರನ್ನು ತೆಗೆದು ಬೆರಳಿನ ಮಧ್ಯೆ ಒತ್ತಿ, ಬೆರಳು ಅಗಲಿಸಿದರು. ಲೋಳೆ ನೂಲಿನಂತೆ ಎಳೆದುಕೊಂಡಿತು.

"ನೋಡು, ಕೀಲಿನ ಸಂದಿಯಲ್ಲಿ ಇಂಥದ್ದೇ ರಸ ಇರುತ್ತೆ. ಒಂದು ಚಮಚ ಕೂಡ ಇರಲ್ಲ. ನಮ್ಮ ಹಳಬರು ಅದಕ್ಕೆ ಶ್ಲೇಷಕ ಕಫ ಅಂದ್ರು. ಇಂಗ್ಲಿಷಿನವರ ಪುಸ್ತಕದಲ್ಲಿ ಕೋಳಿಮೊಟ್ಟೆಯ ಬಿಳಿ ಇದ್ದ ಹಾಗೆ ಅಂತ ಬರೆದಿರುತ್ತೆ. ನಾನು ಆ ಬಿಳೀನ ಎಲ್ಲಿಂದ ತಂದು ತೋರಿಸಲಿ?"

"ನಮ್ಮನೇಲಿ ಐತೆ, ನಾಳೆ ತತ್ತೀನಿ ಬುಡಿ" ಎಂದೆ.

"ಅಯ್ಯೋ, ಈ ಅಡಿಗೆಮನೆಗೆ ತರಬೇಡ ಮಾರಾಯ್ತಿ. ನಮ್ಮತ್ತೆ ಗಂಟುಮೂಟೆ ಕಟ್ಟಿಬಿಡ್ತಾರೆ."

ಅವರು ಬಾಯ್ತುಂಬ ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ. ಮನೆಗೆ ಬಂದು ನಾನು ಮೊಟ್ಟೆ ಒಡೆದು ನೋಡಿದೆ. ಹೌದು, ಎಳೆದರೆ ನೂಲು ಬರುತ್ತದೆ.

ನಮ್ಮ ಊರಿನಲ್ಲಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ನೀವು ನೋಡಿಲ್ಲ. ಹಾಕದಿದ್ದರೆ ಗಾಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಹಳೆಯ ಶಾಸ್ತ್ರದಲ್ಲೂ ಅದೇ ಹೋಲಿಕೆ ಇದೆಯಂತೆ. ಎಣ್ಣೆ ಹಚ್ಚಿದ ಅಚ್ಚಿನಲ್ಲಿ ಗಾಲಿ ತಿರುಗುವ ಹಾಗೆ ಕಫದಿಂದ ಕೀಲು ತಿರುಗುತ್ತದೆ. ವಯಸ್ಸಾದಂತೆ ಅದು ಒಣಗಿ ಆ ಜಾಗಕ್ಕೆ ವಾಯು ಬಂದು ನೋವಾಗುತ್ತದೆ. ಹಾಗಾದರೆ ನಾನು ಹುಯ್ಯುವ ತೈಲ ಒಳಗೆ ಇಳಿದು ಆ ರಸದ ಜೊತೆ ಸೇರುತ್ತದೆ ಎಂದೇ ನಾನು ತಿಳಿದಿದ್ದೆ. ಧೈರ್ಯ ಮಾಡಿ ಕೇಳಿದೆ.

ಅವರು ಹೆಬ್ಬೆರಳಿನಿಂದ ಸೀರೆಯ ಅಂಚನ್ನು ಉಜ್ಜುತ್ತ ನಿಂತರು. ಕಷ್ಟದ ಪ್ರಶ್ನೆ ಬಂದರೆ ಹಾಗೆ ಮಾಡುತ್ತಿದ್ದರು. ಅವರ ಎಲ್ಲ ಸೀರೆಗಳಲ್ಲೂ ಅಷ್ಟು ಜಾಗದಲ್ಲಿ ಜರಿ ಬಿಟ್ಟುಹೋಗಿತ್ತು.

"ಚರ್ಮದಿಂದ ಇಳಿದು ಅಲ್ಲೀವರೆಗೂ ಎಣ್ಣೆ ಹೋಗುತ್ತೆ ಅಂತ ನಾನು ಹೇಳಲಾರೆ ಕಣಮ್ಮ. ಆ ರಸಾನ ಕೀಲಿನ ಒಳಗಿನ ತೆಳು ಪೊರೆ ರಕ್ತದಿಂದ ಸೋಸಿಕೊಂಡು ತಾನೇ ಮಾಡಿಕೊಳ್ಳುತ್ತೆ. ಮೂಳೆ ತುದಿಯಲ್ಲಿ ನುಣ್ಣಗೆ ಒಂದು ಹೊದಿಕೆ ಇರುತ್ತಲ್ಲ, ಅದಕ್ಕೆ ರಕ್ತನಾಳಾನೇ ಇಲ್ಲ. ನಾವು ನಡೆದಾಗ ಅದು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಆ ರಸಾನೇ ಹೀರಿ ಬದುಕುತ್ತೆ. ನಡಿಗೇನೇ ಅದಕ್ಕೆ ಊಟ."

"ಮತ್ತೆ ಈ ಎಣ್ಣೆ ಯಾಕೆ ಹುಯ್ಯೋದು?"

"ಬಿಸಿ ತಾಕುತ್ತೆ. ಬಿಗಿದ ಸ್ನಾಯು ಸಡಿಲ ಆಗುತ್ತೆ. ನಿನ್ನ ಕೈ ತಾಕುತ್ತೆ. ಬಂದೋರು ನೋವು ಕಡಿಮೆ ಅಂತಾರೆ, ನಾನು ಕಂಡಿದೀನಿ. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ."

ಬಂದವರಿಗೂ ಹಾಗೇ ಹೇಳುತ್ತಿದ್ದರು. "ಗ್ಯಾರಂಟಿ ಹೋಗುತ್ತಾ ಡಾಕ್ಟ್ರೇ?" ಎಂದರೆ "ಗೊತ್ತಿಲ್ಲ." ಗ್ಯಾರಂಟಿ ಕೊಡುವ ಕಡೆಗೆ ಎಷ್ಟೋ ಜನ ಎದ್ದು ಹೋದರು. ಸವೆದುಹೋದ ಮಂಡಿ ಕಂಡರೆ ತಾವೇ ಚೀಟಿ ಬರೆದು ಆಪರೇಷನ್ ಮಾಡುವವರ ಹತ್ತಿರ ಕಳಿಸುತ್ತಿದ್ದರು. ಇದಕ್ಕೆಲ್ಲ ಉರಿದು ಬೀಳುತ್ತಿದ್ದವರು ಅವರ ಅಣ್ಣ.

ಅಣ್ಣ ಎಂದರೆ ಮನೆತನದ ದೊಡ್ಡ ಪಂಡಿತರು. ನಾಡಿ ಹಿಡಿದು ಕಣ್ಣು ಮುಚ್ಚಿದರೆ ಕೋಣೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ತಂಗಿಗೆ ಅವರು ಇಟ್ಟಿದ್ದ ಹೆಸರು "ಪುಕ್ಕಲು ಪಂಡಿತೆ". "ಏನೇ, ನಮ್ಮಪ್ಪ ನಿನಗೆ ವೈದ್ಯ ಕಲಿಸಿದ್ರೋ, ಇಲ್ಲ ಹೆದರೋದು ಕಲಿಸಿದ್ರೋ?" ಎನ್ನುತ್ತಿದ್ದರು. ಡಾಕ್ಟರಮ್ಮ, "ಎರಡೂ ಒಂದೇ ಅಲ್ವೇನಣ್ಣ" ಎಂದು ಮೆಲ್ಲಗೆ ಹೇಳಿ ಕಾಫಿ ಇಡುತ್ತಿದ್ದರು. ಅಣ್ಣನ ಮುಂದೆ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ನಾನಂತೂ ಅವರ ಚಪ್ಪಲಿಯ ಸದ್ದು ಕೇಳಿದರೆ ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ.

ಆ ದಿನ ಡಾಕ್ಟರಮ್ಮನಿಗೆ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ಹನ್ನೆರಡರವರೆಗೂ ಬರುವ ಹಾಗಿಲ್ಲ. ಹತ್ತು ಗಂಟೆಗೆ ಪಂಡಿತರು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

"ಎಲ್ಲಿ ನಿಮ್ಮ ಡಾಕ್ಟ್ರು? ಇಲ್ವಾ? ಇಲ್ದೇ ಇರೋದೇ ವಾಸಿ. ಮಂಡಿ ಹಿಡ್ಕೊಂಡಿದೆ. ವಯಸ್ಸು, ಕಫ ಒಣಗಿದೆ, ವಾಯು ಸೇರಿಕೊಂಡಿದೆ, ಅಷ್ಟೆ. ಕಟ್ಟೆ ಕಟ್ಟು. ತೈಲ ನಾನು ಹೇಳಿದ್ದು ಹಾಕು."

ಮಲಗಿದರು. ಪಂಚೆ ಮೇಲೆ ಸರಿಸಿದರು. ನಾನು ಬಲಮಂಡಿ ಮುಟ್ಟಿದೆ, ತಣ್ಣಗಿತ್ತು. ಎಡಮಂಡಿಗೆ ಕೈ ಇನ್ನೂ ತಾಕಿರಲಿಲ್ಲ, ಆಗಲೇ ಝಳ ಹೊಡೆಯಿತು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹತ್ತಿರ ಕೈ ಒಯ್ದ ಹಾಗೆ. ಚರ್ಮ ಬಿಗಿದು ಹೊಳೆಯುತ್ತಿತ್ತು. ಅವರ ಹಿಮ್ಮಡಿಯಲ್ಲಿ ಒಡಕಿತ್ತು, ಅದಕ್ಕೆ ಅರಿಶಿನ ಮೆತ್ತಿದ್ದರು. ಸೆಕೆಯ ದಿನ, ಆದರೂ ಶಾಲು ಹೊದ್ದಿದ್ದರು.

ಹೇಳಬೇಕಾದ ಮಾತು ಒಂದೇ ಒಂದು: "ಕಾಲು ಬಿಸಿ ಐತೆ ಸ್ವಾಮಿ, ಎಣ್ಣೆ ಹಾಕಲ್ಲ." ಅದು ನನ್ನ ಬಾಯಿಗೆ ಬರಲಿಲ್ಲ. ಎಣ್ಣೆ ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ಊರಿಗೇ ಹೇಳಿದವರಿಗೆ ಏಳನೇ ಕ್ಲಾಸಿನ ನಾನು ಹೇಗೆ ಹೇಳಲಿ?

ನೀರು ತರುತ್ತೇನೆ ಎಂದು ಹಿತ್ತಲಿಗೆ ಹೋಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪರೀಕ್ಷೆಯ ಕೋಣೆಗೆ ಅವರು ಫೋನ್ ಒಯ್ಯುವುದಿಲ್ಲ ಎಂದು ಗೊತ್ತಿದ್ದೂ ಮತ್ತೊಮ್ಮೆ ಮಾಡಿದೆ. ಒಳಗಿನಿಂದ, "ಏನಮ್ಮ, ನೀರು ಕಾವೇರಿಯಿಂದ ತರ್ತಿದೀಯಾ?" ಎಂದು ಕೂಗಿದರು.

ಒಳಗೆ ಬಂದು ಹಿಟ್ಟು ಕಲಸಿದೆ. ಕಲಸುವಾಗ ನನಗೆ ಒಂದು ದಾರಿ ಹೊಳೆಯಿತು. ಬಾಯಿಗೆ ಬಾರದಿದ್ದದ್ದು ಕೈಗೆ ಬಂತು. ಕಟ್ಟೆ ಇಟ್ಟು ಸುತ್ತಲೂ ಒದ್ದೆ ಬೆರಳಿನಿಂದ ಅಂಟಿಸಿದೆ. ಪಾದದ ಕಡೆಯ ಅಂಚಿನಲ್ಲಿ, ಅವರಿಗೆ ಕಾಣದ ಕಡೆ, ಎರಡು ಬೆರಳಷ್ಟು ಜಾಗವನ್ನು ಮಾತ್ರ ಅಂಟಿಸದೆ ಬಿಟ್ಟೆ. ತೈಲವನ್ನು ಆರಿಸಿ, ತಣ್ಣಗಿನದನ್ನೇ ಒಂದಿಷ್ಟು ಹುಯ್ದೆ. ಸೋರಿತು.

"ಛೇ. ಮತ್ತೆ ಕಟ್ಟು."

ಒರೆಸಿದೆ. ಹಿಟ್ಟು ಹಾಳಾಯಿತೆಂದು ಹೊಸದಾಗಿ ಕಲಸಿದೆ. ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನ. ಎರಡನೆಯದೂ ಸೋರಿತು. ಮೂರನೆಯದಕ್ಕೆ ಅವರು ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅವರ ಹಲ್ಲು ಕಟಕಟ ಎನ್ನುತ್ತಿತ್ತು. "ಫ್ಯಾನ್ ಆರಿಸಮ್ಮ" ಎಂದರು. ಫ್ಯಾನ್ ಹಾಕಿರಲೇ ಇಲ್ಲ.

ಗಡಿಯಾರ ನೋಡಿದೆ. ಹನ್ನೊಂದೂವರೆ. ಆ ಹೊತ್ತಿಗೆ ಗೇಟಿನ ಸದ್ದಾಯಿತು. ನಡುವೆ ಹೊರಗೆ ಬಂದಾಗ ಫೋನಿನಲ್ಲಿ ನನ್ನ ಹೆಸರು ಎರಡು ಸಲ ಕಂಡು ಡಾಕ್ಟರಮ್ಮ ಬೇರೆಯವರನ್ನು ಮೇಲ್ವಿಚಾರಣೆಗೆ ನಿಲ್ಲಿಸಿ ಓಡಿಬಂದಿದ್ದರು. ಚಪ್ಪಲಿ ಬಿಡದೆ ಒಳಗೆ ಬಂದದ್ದು ಅದೇ ಮೊದಲು. ನೆಲದ ಮೇಲಿನ ತೈಲ ನೋಡಿದರು, ನನ್ನ ಮುಖ ನೋಡಿದರು, ಅಣ್ಣನ ಮಂಡಿಯ ಮೇಲೆ ಕೈಯ ಹಿಂಬದಿ ಇಟ್ಟರು.

"ಅಣ್ಣ, ಏಳಿ. ಆಸ್ಪತ್ರೆಗೆ ಹೋಗ್ಬೇಕು."

"ಶುರು ಮಾಡಿದ್ಯಾ ನಿನ್ನ ಪುಕ್ಕಲುತನಾನ? ವಾಯು ಕಣೇ ಇದು."

"ವಾಯು ಅಲ್ಲ. ಬೇರೆಯವರ ಕಾಲಾಗಿದ್ರೆ ನೀವೇ ಹೇಳ್ತಿದ್ರಿ. ಏಳಿ ಅಂದ್ನಲ್ಲ!"

ಆ ಹೆಂಗಸು ಅಣ್ಣನ ಮೇಲೆ ದನಿ ಎತ್ತಿದ್ದನ್ನು ಕೇಳಿ ಒಳಗಿನಿಂದ ಅತ್ತೆಯವರು ಬಂದು ಬಾಗಿಲಲ್ಲಿ ನಿಂತರು. ಪಂಡಿತರು ಗೋಡೆ ಹಿಡಿದು ಎದ್ದರು. ಆಟೋದಲ್ಲಿ ನಡುವೆ ಅವರು, ಆಚೆ ಈಚೆ ನಾವಿಬ್ಬರು.

ಆಸ್ಪತ್ರೆಯಲ್ಲಿ ಕೀಲಿಗೆ ಸೂಜಿ ಹಾಕಿ ರಸ ತೆಗೆದರು. ಡಾಕ್ಟರಮ್ಮ ಒಳಗಿದ್ದರು. ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಎರಡು ಬೆರಳನ್ನು ಕೂಡಿಸಿ ಅಗಲಿಸಿ ತೋರಿಸಿದರು.

"ಎಳೆ ಬರಲಿಲ್ಲ ಕಣಮ್ಮ. ಮಜ್ಜಿಗೆ ನೀರಿನ ಹಾಗೆ ತೊಟ್ಟಿಕ್ಕಿತು. ಕೀವು."

ಹಿಮ್ಮಡಿಯ ಒಡಕಿನಿಂದ ರಕ್ತಕ್ಕೆ ಸೇರಿದ್ದ ಸೋಂಕು ಮಂಡಿಯಲ್ಲಿ ಬಂದು ಕೂತಿರಬಹುದು ಎಂದರು ಆಸ್ಪತ್ರೆಯವರು. ಗಂಟೆ ಗಂಟೆಗೂ ಒಳಗಿನ ಆ ನುಣುಪು ಹೊದಿಕೆಯನ್ನು ತಿನ್ನುವ ಕಾಯಿಲೆಯಂತೆ. ಆವತ್ತೇ ಕೀಲು ತೊಳೆದರು. ಜೀವ ಉಳಿಯಿತು, ಕಾಲೂ ಉಳಿಯಿತು. ಆದರೆ ಮಂಡಿ ಪೂರ್ತಿ ಮಡಚಲಿಲ್ಲ. ನೆಲದ ಮೇಲೆ ಪೂಜೆಗೆ ಕೂರುತ್ತಿದ್ದವರು ಅಂದಿನಿಂದ ಸ್ಟೂಲಿನ ಮೇಲೆ ಕೂತರು.

ಮಾರನೆಯ ದಿನ ಡಾಕ್ಟರಮ್ಮ ನನ್ನನ್ನು ಚಿಕಿತ್ಸೆಯ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನಿನ್ನ ಕಟ್ಟೆ ಇಷ್ಟು ವರ್ಷದಲ್ಲಿ ಒಂದು ಸಲ ಸೋರಿಲ್ಲ. ನಿನ್ನೆ ಮೂರು ಸಲ ಸೋರಿತಾ?"

ನಾನು ತಲೆ ತಗ್ಗಿಸಿದೆ.

"ಕೈಗೆ ಗೊತ್ತಾಗಿತ್ತು. ಬಾಯಿಗೆ ಏನಾಗಿತ್ತು?"

ಅವರು ಬೈಯಲಿಲ್ಲ. ಅಣ್ಣನಿಗೂ ಹೇಳಲಿಲ್ಲ. "ಅದನ್ನ ನೀನೇ ಹೇಳ್ಬೇಕು, ನಾನು ಹೇಳಿದ್ರೆ ಚಾಡಿಯಾಗುತ್ತೆ" ಎಂದಷ್ಟೇ ಅಂದರು. ನಾನು ಹೇಳಲಿಲ್ಲ. ಪಂಡಿತರು ಕೋಲೂರಿಕೊಂಡು ಬಂದಾಗಲೆಲ್ಲ, "ಇವಳ ಕೆಟ್ಟ ಹಿಟ್ಟೇ ನನ್ನ ಕಾಪಾಡ್ತು ನೋಡಿ" ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದರು. ನಾನೂ ನಕ್ಕ ಹಾಗೆ ಮಾಡಿ ಒಳಗೆ ಹೋಗುತ್ತಿದ್ದೆ.

ಆಮೇಲೆ ಡಾಕ್ಟರಮ್ಮ ಒಂದು ಹೊಸ ಪದ್ಧತಿ ತಂದರು. ಮಂಡಿ ಮುಟ್ಟಿದ ಮೇಲೆ ನಾನು ಜೋರಾಗಿ ಹೇಳಬೇಕು: "ಎರಡೂ ತಣ್ಣಗವೆ" ಅಥವಾ "ಎಡದ್ದು ಬಿಸಿ ಐತೆ". ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕೇಳಬೇಕು. ಕೇಳದಿದ್ದರೆ ಅವರು ತಮ್ಮ ಕೋಣೆಯಿಂದ "ಏನಂದೆ?" ಎನ್ನುತ್ತಿದ್ದರು. ಮೊದಲ ತಿಂಗಳು ನನ್ನ ದನಿ ನಡುಗುತ್ತಿತ್ತು. ಆಮೇಲೂ ನಡುಗಿತು, ಆದರೆ ಕೇಳಿಸುತ್ತಿತ್ತು.

ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನಾನು ಅವರ ಪಾದ ಒತ್ತುತ್ತ ಕೇಳಿಯೇಬಿಟ್ಟೆ: "ಅವತ್ತು ಹತ್ತು ಗಂಟೆಗೇ ನಾನು ಬಾಯಿಬಿಟ್ಟಿದ್ರೆ, ಅವ್ರ ಮಂಡಿ ಮಡಚ್ತಿತ್ತಾ?" ಇಲ್ಲ ಕಣಮ್ಮ, ನಿನ್ನಿಂದ ಏನೂ ಆಗಿಲ್ಲ, ಎನ್ನುತ್ತಾರೆಂದು ಆಸೆಯಿತ್ತು. ಸಾಯುವವರು ಹಾಗೆ ಹೇಳಿದರೆ ಯಾರೂ ತಪ್ಪೆನ್ನುವುದಿಲ್ಲ. ಅವರು ಹೊದಿಕೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಗೊತ್ತಿಲ್ಲ" ಎಂದರು.

ನನಗೆ ಅಳು ಬಂತು. ಕೋಪವೂ ಬಂತು. ಈಗ ನೆನೆದರೆ, ಅಷ್ಟು ಮರ್ಯಾದೆಯನ್ನು ನನಗೆ ಇನ್ನಾರೂ ಕೊಟ್ಟಿಲ್ಲ ಎನ್ನಿಸುತ್ತದೆ.

ಹೋದ ಗುರುವಾರ ಅವರ ವೈಕುಂಠ ಸಮಾರಾಧನೆ. ಊಟವಾದ ಮೇಲೆ ಪಂಡಿತರು ಜಗುಲಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ನೆಂಟರ ಮುಂದೆ ಹಳೆಯ ಮಾತನ್ನೇ ತೆಗೆದರು. "ಇವಳೇ ನೋಡಿ, ಕೆಟ್ಟ ಹಿಟ್ಟಿನವಳು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ಹಿಟ್ಟು ಕೆಟ್ಟಿರಲಿಲ್ಲ ಸ್ವಾಮಿ" ಎಂದೆ. ದನಿ ಎಷ್ಟು ಜೋರಾಯಿತೆಂದರೆ ಒಳಗಿದ್ದವರೂ ಇಣುಕಿದರು. "ನಾನೇ ಸೋರಿಸಿದ್ದು. ನಿಮ್ಮ ಕಾಲು ಕೆಂಡದಂಗೆ ಬಿಸಿ ಇತ್ತು. ನಂಗೆ ಗೊತ್ತಿತ್ತು. ನಿಮಗೆ ಹೇಳಕ್ಕೆ ಭಯ ಆಯ್ತು. ಒಂದೂವರೆ ಗಂಟೆ ಸುಮ್ನೆ ಕಳೆದ್ಬುಟ್ಟೆ."

ಪಂಡಿತರು ತಮ್ಮ ಎಡಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಕೋಲಿನಿಂದ ಹೊಡೆಯುತ್ತಾರೇನೋ ಎನ್ನಿಸಿತು ನನಗೆ.

"ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಕಣಮ್ಮ" ಎಂದರು ಕೊನೆಗೆ. "ಬೈದು ಬೇರೆ ಕಡೆ ಹೋಗಿ ಎಣ್ಣೆ ಹುಯ್ಯಿಸಿಕೊಳ್ತಿದ್ದೆ."

ಅದು ನಿಜವೋ, ನನ್ನ ಸಮಾಧಾನಕ್ಕೆ ಅಂದದ್ದೋ, ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಕೇಳಿದರೆ ಸುಳ್ಳು ಹೇಳದೆ ಉತ್ತರ ಕೊಡುತ್ತಿದ್ದವರು ಒಬ್ಬರೇ ಇದ್ದರು. ಅವರು ಹೋಗಿ ಅವತ್ತಿಗೆ ಹದಿಮೂರು ದಿನ.

ಮಕ್ಕಳೇ, ಈ ಹಾಳೆಗಳು ಬಿಡಿಬಿಡಿಯಾಗಿವೆ. ಮೂರು ಸಲ ಕಟ್ಟೆ ಸೋರಿಸಿದ ಹಾಳೆ ಮಾತ್ರ ಉಳಿದು ಮಿಕ್ಕವು ಕಳೆದುಹೋದರೆ, ನಿಮ್ಮ ಅಜ್ಜಿ ಬಲು ಜಾಣೆ ಎಂದು ಓದಿದವರು ತಿಳಿದಾರು. ಹಾಗಾಗಬಾರದು. ಸೂಜಿದಾರದಿಂದ ಎಲ್ಲವನ್ನೂ ಒಟ್ಟಿಗೆ ಹೊಲಿದು ಜೋಪಾನವಾಗಿಡಿ.